ಕಾಣದ ಆರಂಭ: ಬೆರಳ ತುದಿಯ ಹಣವೂ ಅನರ್ಥದಂಡವ್ರತವೂ

ಭಾದ್ರಪದ ಶುದ್ಧ ಪಂಚಮಿಯು ಸಮೀಪಿಸುತ್ತಿದ್ದಂತೆ ಶ್ರಾವಕರ ಮನೆಗಳಲ್ಲಿ ನಿಯಮಗಳ ಮಾತು ಮೊದಲಾಗುತ್ತದೆ. ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ಒಬ್ಬರು ಏಕಾಶನವನ್ನು ಕೈಕೊಳ್ಳುವರು. ಇನ್ನೊಬ್ಬರು ದಿನಕ್ಕೊಂದು ರಸವನ್ನು ತ್ಯಜಿಸುವರು. ಹಸಿರು ಕಾಯಿಪಲ್ಯವನ್ನು ವರ್ಜಿಸುವವರು ಕೆಲವರು, ಅನಂತ ಚತುರ್ದಶಿಯಂದು ನಿರಾಹಾರರಾಗಿ ಇರುವವರು ಹಲವರು. ಸೋಸದ ನೀರು ಅಡುಗೆಮನೆಯನ್ನು ಸೇರುವುದಿಲ್ಲ. ಸೂರ್ಯನು ಮುಳುಗಿದ ಮೇಲೆ ಒಲೆ ಉರಿಯುವುದಿಲ್ಲ. ಇಷ್ಟೊಂದು ಎಚ್ಚರದಿಂದ ನಡೆಯುವ ಮನೆಯಲ್ಲಿಯೇ ಬೆಳಗಿನ ಹಾಲಿನಿಂದ ಹಿಡಿದು ಸಂಜೆಯ ಹೂವಿನವರೆಗೆ ಕೊಡಬೇಕಾದ ಹಣವೆಲ್ಲ ಇಂದು ಮೊಬೈಲಿನ ಗಾಜಿನ ಮೇಲೆ ಬೆರಳಿಟ್ಟಷ್ಟರಿಂದಲೇ ಸಂದುಹೋಗುತ್ತದೆ. ಅಲ್ಲಿ ಹೊಗೆಯಿಲ್ಲ, ನೀರು ಚೆಲ್ಲುವುದಿಲ್ಲ, ಮಣ್ಣು ಅಗೆಯುವುದು ಕಾಣುವುದಿಲ್ಲ, ಇರುವೆಯೊಂದೂ ಕಾಲಿಗೆ ಸಿಕ್ಕುವುದಿಲ್ಲ. ಕಣ್ಣಿಗೆ ಕಾಣದಿರುವ ಮಾತ್ರಕ್ಕೆ ಅಲ್ಲಿ ಆರಂಭವೇ ಇಲ್ಲವೆಂದು ಹೇಳಬಹುದೇ? ಇದ್ದರೆ ಅದರ ಪಾಲು ಬೆರಳಿಟ್ಟವನಿಗೆ ಎಷ್ಟು ಸೇರುತ್ತದೆ? ವ್ರತಿಗಳು ವಿಚಾರಮಾಡಬೇಕಾದ ಪ್ರಶ್ನೆ ಇದು.

ಇದು ಅತಿಸೂಕ್ಷ್ಮದ ಮಾತೆಂದು ನಗುವವರು ಇರಬಹುದು. ಆದರೆ ನೀರನ್ನು ಸೋಸಬೇಕೆಂದು ಮೊದಲು ಹೇಳಿದಾಗಲೂ ನೀರಿನಲ್ಲಿ ಜೀವಿಗಳು ಕಣ್ಣಿಗೆ ಕಾಣುತ್ತಿರಲಿಲ್ಲ. ಸೂಕ್ಷ್ಮವನ್ನು ಲೆಕ್ಕಕ್ಕೆ ತಂದುಕೊಳ್ಳುವುದೇ ಜಿನಧರ್ಮದ ಹಾದಿ. ಮತ್ತೊಂದು ಕಡೆಯಲ್ಲಿ, ಹೊಸದೆಲ್ಲವೂ ಪಾಪವೆಂದು ಒಮ್ಮೆಗೇ ತೀರ್ಮಾನಿಸಿ ಹಳೆಯ ನೋಟು ನಾಣ್ಯಗಳೇ ನಿರ್ದೋಷವೆಂದು ಭಾವಿಸುವವರೂ ಉಂಟು. ಇವರಿಬ್ಬರೂ ಲೆಕ್ಕ ಹಾಕಿದವರಲ್ಲ. ಹೀಗಿರುವಲ್ಲಿ ಮೊದಲು ಲೆಕ್ಕವನ್ನೇ ನೋಡುವುದು ಯುಕ್ತ.

ಭಾರತದ ರಾಷ್ಟ್ರೀಯ ಪಾವತಿ ನಿಗಮವು 2008ರಲ್ಲಿ ಸ್ಥಾಪಿತವಾಯಿತು. ಅದು ರೂಪಿಸಿದ ಯುಪಿಐ ಎಂಬ ಏರ್ಪಾಡು ಬಳಕೆಗೆ ಬಂದದ್ದು 2016ರಲ್ಲಿ. ಅದೇ ವರ್ಷ ನವೆಂಬರ್ 8ರಂದು ಐನೂರು ಮತ್ತು ಸಾವಿರ ರೂಪಾಯಿಯ ನೋಟುಗಳನ್ನು ರದ್ದುಪಡಿಸಿದ ಮೇಲೆ ಜನರು ಅನಿವಾರ್ಯವಾಗಿ ಈ ಕಡೆಗೆ ತಿರುಗಿದರು. 2023ರ ಆಗಸ್ಟಿನಲ್ಲಿ ಒಂದು ತಿಂಗಳ ಪಾವತಿಗಳ ಸಂಖ್ಯೆ ಸಾವಿರ ಕೋಟಿಯನ್ನು ದಾಟಿತು. ಎರಡೇ ವರ್ಷಗಳ ತರುವಾಯ, 2025ರ ಆಗಸ್ಟಿನಲ್ಲಿ, ಎರಡು ಸಾವಿರ ಕೋಟಿಯನ್ನು ಮೀರಿತು. ಬಡ ದೇಶವೊಂದು ಇಷ್ಟು ಅಲ್ಪಕಾಲದಲ್ಲಿ ಹಣದ ರೂಪವನ್ನೇ ಬದಲಾಯಿಸಿಕೊಂಡ ಉದಾಹರಣೆ ವಿರಳ.

ಹೂವಿನವಳಿಗೆ ಹತ್ತು ರೂಪಾಯಿ ಸಲ್ಲಿಸಿದಾಗ ನಡೆಯುವುದೇನು? ಮೊಬೈಲಿನಿಂದ ಹೊರಟ ಕೋರಿಕೆಯು ಸಮೀಪದ ಗೋಪುರವನ್ನು ಮುಟ್ಟಿ, ಅಲ್ಲಿಂದ ನೆಲದಡಿಯ ತಂತುಗಳ ಮೂಲಕ ಪಾವತಿ ನಿಗಮದ ಯಂತ್ರಕ್ಕೆ ಹೋಗುತ್ತದೆ. ಆ ಯಂತ್ರವು ಕೊಡುವವನ ಬ್ಯಾಂಕನ್ನು ಕೇಳುತ್ತದೆ. ಪಡೆಯುವವನ ಬ್ಯಾಂಕಿಗೆ ತಿಳಿಸುತ್ತದೆ. ಇಬ್ಬರ ಮೊಬೈಲಿಗೂ ವರದಿ ಬರುತ್ತದೆ. ನಾಲ್ಕೈದು ಸಂಸ್ಥೆಗಳ ಯಂತ್ರಗಳು ಕ್ಷಣಮಾತ್ರದಲ್ಲಿ ಒಂದನ್ನೊಂದು ವಿಚಾರಿಸಿ ಮುಗಿಸುವ ಕೆಲಸವಿದು. ಈ ಯಂತ್ರಗಳು ಹಗಲಿರುಳು ಎಚ್ಚರವಾಗಿರಬೇಕು; ಒಂದು ಕೆಟ್ಟರೆ ಇನ್ನೊಂದು ನಿಲ್ಲುವಂತೆ ಜೋಡಿಯಾಗಿರಬೇಕು; ಕಾದ ಯಂತ್ರಗಳನ್ನು ತಂಪಾಗಿಡಲು ವಿದ್ಯುತ್ತೂ ಅನೇಕ ಕಡೆ ನೀರೂ ಬೇಕು. ಪಾವತಿಯ ದಾಖಲೆಗಳು ಈ ದೇಶದೊಳಗೇ ಇರತಕ್ಕದ್ದೆಂದು ರಿಸರ್ವ್ ಬ್ಯಾಂಕು 2018ರ ಏಪ್ರಿಲ್ಲಿನಲ್ಲಿ ಆದೇಶವಿತ್ತಿತು. ಆದುದರಿಂದ ಅವುಗಳ ಭಾರವನ್ನು ಹೊರುವುದೂ ಈ ದೇಶದ ನೆಲ, ಈ ದೇಶದ ನೀರು. ಅಂಥ ದತ್ತಾಂಶ ಕೇಂದ್ರಗಳು ಹೆಚ್ಚಾಗಿ ನೆಲೆಸಿರುವುದು ಮುಂಬಯಿ ಚೆನ್ನೈಗಳಲ್ಲಿ. ಚೆನ್ನೈ ನಗರದ ಕೆರೆಗಳು 2019ರ ಬೇಸಗೆಯಲ್ಲಿ ತಳಕಂಡಿದ್ದನ್ನು ಜನ ಮರೆತಿಲ್ಲ.

ವಿದ್ಯುತ್ತು ಸಚಿತ್ತವೋ ಅಚಿತ್ತವೋ ಎಂಬ ವಿಚಾರದಲ್ಲಿ ಜೈನ ಸಂಪ್ರದಾಯದೊಳಗೆ ಬಹುಕಾಲದಿಂದ ಚರ್ಚೆ ನಡೆದಿದೆ. ಆ ಚರ್ಚೆಯನ್ನು ಇಲ್ಲಿ ಎತ್ತಿಕೊಳ್ಳುವ ಅಗತ್ಯವಿಲ್ಲ. ತಂತಿಯೊಳಗಿನ ಶಕ್ತಿ ಏನೇ ಇರಲಿ, ಅದನ್ನು ಹುಟ್ಟಿಸಿದ ಕುಲುಮೆಯಲ್ಲಿ ಉರಿಯುವುದು ನಿಸ್ಸಂದೇಹವಾಗಿ ಅಗ್ನಿಯೇ. 2024ರಲ್ಲಿಯೂ ಭಾರತದ ವಿದ್ಯುತ್ತಿನಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚಿನ ಪಾಲು ಕಲ್ಲಿದ್ದಲಿನಿಂದ ಬಂದದ್ದು. ರಾಯಚೂರಿನ ಬಳಿ ಶಕ್ತಿನಗರದಲ್ಲಿ 1985ರಿಂದ ಉರಿಯುತ್ತಿರುವ ಸ್ಥಾವರವನ್ನು ರೈಲಿನಲ್ಲಿ ಹೋಗುವವರು ಕಂಡಿರುವರು. ಕಲ್ಲಿದ್ದಲಿಗಾಗಿ ಭೂಮಿಯನ್ನು ಬಗೆಯಬೇಕು, ಉಗಿಗಾಗಿ ಕೃಷ್ಣೆಯ ನೀರನ್ನು ಎತ್ತಬೇಕು, ಹಾರುಬೂದಿಯನ್ನು ಎಲ್ಲಿಯಾದರೂ ಸುರಿಯಬೇಕು. ಪೃಥ್ವೀಕಾಯ, ಅಪ್ಕಾಯ, ತೇಜಸ್ಕಾಯ, ವಾಯುಕಾಯ, ವನಸ್ಪತಿಕಾಯವೆಂದು ಬಾಲಬೋಧೆಯಲ್ಲಿ ಎಣಿಸುವ ಐದು ಸ್ಥಾವರ ಜೀವಭೇದಗಳೂ ಆ ಒಂದು ಸ್ಥಳದಲ್ಲಿ ಬಾಧೆಗೊಳಗಾಗುತ್ತವೆ.

ಇದಕ್ಕಿಂತಲೂ ಹೆಚ್ಚಿನ ಭಾರವಿರುವುದು ಕೈಯಲ್ಲಿ ಹಿಡಿದ ಉಪಕರಣದಲ್ಲಿ. ಮೊಬೈಲು ತನ್ನ ಆಯುಷ್ಯದಲ್ಲಿ ಹೊರಡಿಸುವ ಇಂಗಾಲದ ಹೊಗೆಯ ಬಹುಪಾಲು, ಅದು ಅಂಗಡಿಯನ್ನು ಸೇರುವ ಮೊದಲೇ, ತಯಾರಿಕೆಯ ಹಂತದಲ್ಲಿಯೇ ಹೊರಟುಹೋಗಿರುತ್ತದೆ. ಅದರ ಬ್ಯಾಟರಿಗೆ ಬೇಕಾದ ಕೋಬಾಲ್ಟಿನ ಬಹುಭಾಗ ಆಫ್ರಿಕದ ಕಾಂಗೋ ದೇಶದ ಗಣಿಗಳಿಂದ ಬರುತ್ತದೆ. ಲಿಥಿಯಮ್ಮಿನ ಒಂದು ಪಾಲನ್ನು ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ ಉಪ್ಪುನೀರನ್ನು ಮೇಲೆತ್ತಿ ಬಿಸಿಲಿಗೆ ಆವಿಮಾಡಿ ತೆಗೆಯುವರು. ಒಳಗಿನ ಫಲಕಗಳಲ್ಲಿ ತೆಳುವಾಗಿ ಬಳಿದ ಚಿನ್ನವೂ ಉಂಟು. ಚಿನ್ನದ ಗಣಿಯು ಏನನ್ನು ಬಿಟ್ಟುಹೋಗುತ್ತದೆಂಬುದನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ: ಕೋಲಾರದ ಗಣಿ 2001ರಲ್ಲಿ ಮುಚ್ಚಿದರೂ ಸಯನೈಡ್ ಬೆರೆತ ಮಣ್ಣಿನ ದಿಬ್ಬಗಳು ಇನ್ನೂ ನಿಂತಿವೆ, ಗಾಳಿ ಬೀಸಿದಾಗ ಆ ಧೂಳು ಊರೊಳಗೆ ಬರುತ್ತದೆ.

ಹಾಗಾದರೆ ನೋಟು ನಾಣ್ಯಗಳೇ ಮೇಲೆ? ಅಲ್ಲಿಯೂ ಲೆಕ್ಕ ನೋಡಬೇಕು. ಭಾರತದ ನೋಟುಗಳು ಅಚ್ಚಾಗುವ ನಾಲ್ಕು ಸ್ಥಳಗಳಲ್ಲಿ ಮೈಸೂರು ಒಂದು. ನೋಟಿನ ಕಾಗದವನ್ನು ತಯಾರಿಸುವ ಕಾರ್ಖಾನೆಯೂ ಅಲ್ಲಿದೆ. ಆ ಕಾಗದಕ್ಕೆ ಹತ್ತಿ ಬೇಕು. ಹತ್ತಿಯ ಹೊಲಕ್ಕೆ ಸಿಂಪಡಿಸುವ ಕೀಟನಾಶಕದ ವಿಚಾರವನ್ನು ರೈತರಾದ ಶ್ರಾವಕರು ಬಲ್ಲರು. 2024-25ರಲ್ಲಿ ನೋಟು ಮುದ್ರಣಕ್ಕೆ ರಿಸರ್ವ್ ಬ್ಯಾಂಕು ವೆಚ್ಚಮಾಡಿದ್ದು ಸುಮಾರು 6,370 ಕೋಟಿ ರೂಪಾಯಿ. ಅದೇ ವರ್ಷ ಹಳತಾಗಿ ನಾಶಪಡಿಸಿದ ನೋಟುಗಳು ಎರಡು ಸಾವಿರದ ಮುನ್ನೂರು ಕೋಟಿಗೂ ಹೆಚ್ಚು. ಕತ್ತರಿಸಿ ಚೂರಾದ ನೋಟಿನ ರಾಶಿ ವರ್ಷಕ್ಕೆ ಸುಮಾರು ಹದಿನೈದು ಸಾವಿರ ಟನ್ನುಗಳಷ್ಟಾಗುತ್ತದೆ. ಅದನ್ನು ಸುಡುವುದಕ್ಕೂ ಹೂಳುವುದಕ್ಕೂ ಬದಲಾಗಿ ಹಲಗೆ ಮಾಡಬಹುದೆಂದು ಮರವಿಜ್ಞಾನ ಸಂಸ್ಥೆಯು ಪರೀಕ್ಷಿಸಿ ಹೇಳಿದೆ. ಎರಡೂವರೆ ಲಕ್ಷದಷ್ಟು ಎಟಿಎಂಗಳು, ಅವುಗಳಲ್ಲಿ ಎಷ್ಟೋ ಕಡೆ ಹಗಲಿರುಳು ತಿರುಗುವ ತಂಪುಯಂತ್ರ, ಅವುಗಳಿಗೆ ನೋಟು ತುಂಬಲು ಬಂದೂಕಿನ ಕಾವಲಿನೊಡನೆ ಓಡುವ ವಾಹನಗಳು, ನಾಣ್ಯಕ್ಕಾಗಿ ಕರಗಿಸಿದ ಲೋಹ, ಇವೆಲ್ಲವೂ ಜೇಬಿನ ನೋಟಿಗೆ ಅಂಟಿದ ಆರಂಭಗಳೇ.

ನೆದರ್ಲೆಂಡ್ಸ್ ದೇಶದ ಕೇಂದ್ರ ಬ್ಯಾಂಕು 2015ರ ಅಂಕಿಗಳನ್ನಿಟ್ಟುಕೊಂಡು ಈ ಎರಡನ್ನೂ ತೂಗಿ ನೋಡಿದೆ. ಆ ದೇಶದಲ್ಲಿ ನಗದಿನ ಒಂದು ಪಾವತಿಗೆ ಸುಮಾರು ನಾಲ್ಕೂವರೆ ಗ್ರಾಂ, ಕಾರ್ಡಿನ ಒಂದು ಪಾವತಿಗೆ ನಾಲ್ಕು ಗ್ರಾಂಗೆ ತುಸು ಕಡಿಮೆ ಇಂಗಾಲದ ಹೊಗೆ ಎಂದು ಅದರ ಅಂದಾಜು. ಎರಡೂ ಅತ್ಯಲ್ಪ; ಎರಡರ ನಡುವಿನ ಅಂತರವೂ ಅತ್ಯಲ್ಪ. ಆದರೆ ಆ ಲೆಕ್ಕದಲ್ಲಿ ವಾಚಕರು ಗಮನಿಸತಕ್ಕ ಸಂಗತಿ ಬೇರೊಂದಿದೆ. ಕಾರ್ಡಿನ ಪಾವತಿಯ ಭಾರದಲ್ಲಿ ದೂರದ ದತ್ತಾಂಶ ಕೇಂದ್ರಗಳ ಪಾಲು ಒಂಬತ್ತರಲ್ಲಿ ಒಂದರಷ್ಟು ಮಾತ್ರ. ಮುಕ್ಕಾಲು ಪಾಲು ಅಂಗಡಿಯ ಮೇಜಿನ ಮೇಲೆ ದಿನವೆಲ್ಲ ಕಾದು ಕುಳಿತಿರುವ ಚಿಕ್ಕ ಯಂತ್ರದ್ದು. ಎಂದರೆ, ಹಣ ಹೋದದ್ದರಿಂದ ಆದ ಹಿಂಸೆ ಕಡಿಮೆ. ಹಣ ಬಂದೀತೆಂದು ಉಪಕರಣವು ಕಾಯುತ್ತಿದ್ದುದರಿಂದ ಆದದ್ದು ಹೆಚ್ಚು.

ಭಾರತದ ಬೀದಿ ಅಂಗಡಿಗಳಲ್ಲಿ ಆ ಯಂತ್ರದ ಸ್ಥಾನವನ್ನು ಮೊದಲಿಗೆ ಕ್ಯೂಆರ್ ಗುರುತಿನ ಒಂದು ಕಾಗದದ ಚೀಟಿ ಆಕ್ರಮಿಸಿತು. ವಿದ್ಯುತ್ತು ಬೇಡದ, ಎರಡು ವರ್ಷ ಬಿಸಿಲಿಗೆ ಬಣ್ಣಗೆಟ್ಟರೂ ಕೆಲಸಮಾಡುವ ಚೀಟಿ ಅದು. ಬಡ ದೇಶದ ಬುದ್ಧಿ ಶ್ರೀಮಂತ ದೇಶದ ಯಂತ್ರವನ್ನು ಮೀರಿಸಿದ ಸಂದರ್ಭವೆಂದೇ ಹೇಳಬೇಕು. ಆದರೆ ಅದರ ಹಿಂದೆಯೇ ಮಾತಾಡುವ ಪೆಟ್ಟಿಗೆ ಬಂದಿತು. ಬ್ಯಾಟರಿ, ಸಿಮ್ಮು, ಧ್ವನಿವರ್ಧಕಗಳನ್ನೊಳಗೊಂಡ ಆ ಪೆಟ್ಟಿಗೆ ಈಗ ಸೊಪ್ಪಿನ ಗಾಡಿಯ ಮೇಲೂ ಇದೆ. ಹಣ ಬಂದಿತೋ ಇಲ್ಲವೋ ಎಂದು ಗಿರಾಕಿಯ ಮೊಬೈಲಿಗೆ ಇಣುಕಿ ನೋಡುವ ಸಂಕಟ ತಪ್ಪಿತು, ಮೋಸಹೋಗುವ ಭಯ ಕಡಿಮೆಯಾಯಿತು, ಓದು ಬಾರದ ವ್ಯಾಪಾರಿಗೆ ಅದು ಆಸರೆಯಾಯಿತು, ಇದನ್ನು ಅಲ್ಲಗಳೆಯಲಾಗದು. ಕೆಲವು ಬಸದಿಗಳ ಕಾರ್ಯಾಲಯದಲ್ಲಿಯೂ ಅದು ಕುಳಿತಿರುವುದುಂಟು. ದಾನಿಯು ಮೌನವಾಗಿ ಕೊಟ್ಟ ದಾನವನ್ನು ಅಭಿಷೇಕದ ನಡುವೆ ರೂಪಾಯಿಸಮೇತ ಕೂಗಿ ಹೇಳುವ ಪೆಟ್ಟಿಗೆ! ಅನರ್ಥದಂಡವ್ರತದ ಅತಿಚಾರಗಳಲ್ಲಿ ಮೌಖರ್ಯವೂ ಒಂದೆಂಬುದನ್ನು ಇಲ್ಲಿ ನೆನೆದರೆ ತಪ್ಪಾಗದು.

ಅದಂತಿರಲಿ. ಹೊಸತು ಹಳತಿಗಿಂತ ಹಗುರವಾದುದಾದರೆ, ಹೊಸತು ಬಂದಷ್ಟೂ ಒಟ್ಟು ಭಾರ ಇಳಿಯಬೇಕಾಗಿತ್ತು. ಇಳಿಯಲಿಲ್ಲ. 2016ರ ಮಾರ್ಚಿನಲ್ಲಿ ದೇಶದಲ್ಲಿ ಚಲಾವಣೆಯಲ್ಲಿದ್ದ ನೋಟುಗಳ ಮೌಲ್ಯ ಸುಮಾರು 16.4 ಲಕ್ಷ ಕೋಟಿ ರೂಪಾಯಿ. 2025ರ ಮಾರ್ಚಿನಲ್ಲಿ ಅದು ಸುಮಾರು 36.9 ಲಕ್ಷ ಕೋಟಿ. ಬೆಲೆ ಏರಿಕೆಯನ್ನು ಕಳೆದರೂ, ನೋಟು ಹೋಗಿ ಮೊಬೈಲು ಬಂದಿತೆನ್ನಲು ಬರುವುದಿಲ್ಲ. ನೋಟೂ ಉಳಿಯಿತು, ಮೊಬೈಲೂ ಸೇರಿತು. ಎರಡನ್ನೂ ತೂಗಿ ಹಗುರವಾದುದನ್ನು ಆರಿಸಿಕೊಂಡೆವೆಂಬ ಸಮಾಧಾನಕ್ಕೆ ಇಲ್ಲಿ ಆಸ್ಪದವಿಲ್ಲ. ಪರಿಗ್ರಹದ ಸ್ವಭಾವವೇ ಹೀಗೆ: ಒಂದನ್ನು ಬಿಡಲೆಂದು ಇನ್ನೊಂದನ್ನು ತಂದವನು ಕೊನೆಗೆ ಎರಡನ್ನೂ ಇಟ್ಟುಕೊಳ್ಳುತ್ತಾನೆ. ಬೆಳ್ಳಿಯ ಪಾತ್ರೆಯ ಬದಲು ಉಕ್ಕಿನದು ಸಾಕೆಂದು ತಂದ ಮನೆಗಳ ಕಪಾಟುಗಳನ್ನು ತೆರೆದು ನೋಡಿದರೆ ಈ ಮಾತಿಗೆ ಸಾಕ್ಷಿ ದೊರೆಯುತ್ತದೆ.

ಈಗ ಶಾಸ್ತ್ರದ ಕಡೆಗೆ ತಿರುಗಬಹುದು. ಉಮಾಸ್ವಾಮಿಗಳು ಹಿಂಸೆಯನ್ನು ನಿರೂಪಿಸುವಾಗ ಪ್ರಾಣಹಾನಿಯನ್ನಷ್ಟೇ ಹೇಳದೆ ಪ್ರಮಾದದಿಂದ ಕೂಡಿದ ಯೋಗವನ್ನು ಮೊದಲು ಇಟ್ಟಿರುವರು. ಎಚ್ಚರದಿಂದ ನಡೆಯುವ ಮುನಿಯ ಪಾದದಡಿಯಲ್ಲಿ ಜೀವಿಯೊಂದು ಅಕಸ್ಮಾತ್ತಾಗಿ ಸಿಕ್ಕಿದರೂ ಅವನಿಗೆ ಹಿಂಸೆಯ ಬಂಧವಿಲ್ಲ. ಎಚ್ಚರವಿಲ್ಲದೆ ನಡೆಯುವವನ ಕಾಲಡಿಯಲ್ಲಿ ಯಾವ ಜೀವಿಯೂ ಸಾಯದಿದ್ದರೂ ಅವನು ಹಿಂಸಕನೇ. ಹೀಗಿರುವುದರಿಂದ ಒಂದು ಪಾವತಿಗೆ ಎಷ್ಟು ಗ್ರಾಂ ಹೊಗೆ ಎಂಬ ಲೆಕ್ಕವೊಂದರಿಂದಲೇ ಪಾಪದ ತೂಕ ತಿಳಿಯುವುದಿಲ್ಲ. ಗೃಹಸ್ಥನಿಗೆ ಉದ್ಯೋಗಿ ಹಿಂಸೆಯೂ ಆರಂಭಿ ಹಿಂಸೆಯೂ ಅನಿವಾರ್ಯ. ಹತ್ತು ಮೈಲಿ ದೂರದ ಬ್ಯಾಂಕಿಗೆ ಡೀಸೆಲ್ ಬಸ್ಸಿನಲ್ಲಿ ಹೋಗಿ, ಒಂದು ದಿನದ ಕೂಲಿಯನ್ನು ಕಳೆದುಕೊಂಡು ಪಿಂಚಣಿಯನ್ನು ತರುತ್ತಿದ್ದ ವಿಧವೆಗೆ ಅದೇ ಹಣ ಊರಿನಲ್ಲಿಯೇ ಕೈಸೇರುವಂತಾದರೆ, ಅಲ್ಲಿ ಹಿಂಸೆಯೂ ಇಳಿಯಿತು, ಅನುಕಂಪೆಯೂ ಉಳಿಯಿತು. ಅಂಥ ಪಾವತಿಯನ್ನು ದೂಷಿಸುವುದು ಧರ್ಮವಲ್ಲ.

ಮತ್ತೆ ದೋಷವಿರುವುದೆಲ್ಲಿ? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳಿ, ಅವುಗಳಲ್ಲಿ ಒಂದಾದ ಪ್ರಮಾದಚರ್ಯೆಯನ್ನು ವಿವರಿಸುವಲ್ಲಿ ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಕದಡುವುದು, ಬೆಂಕಿಯನ್ನು ಹೊತ್ತಿಸುವುದು, ಗಾಳಿಯನ್ನು ಕಲಕುವುದು, ಗಿಡಬಳ್ಳಿಗಳನ್ನು ಕೀಳುವುದು, ಇವುಗಳೊಡನೆ ಗುರಿಯಿಲ್ಲದೆ ತಿರುಗುವುದನ್ನೂ ಇತರರನ್ನು ತಿರುಗಿಸುವುದನ್ನೂ ಸೇರಿಸಿರುವರು. ಪ್ರಯೋಜನವಿಲ್ಲದೆ ಎಂಬುದೇ ಅಲ್ಲಿನ ಕೀಲಕ. ಅಗೆಯುವುದು ತಪ್ಪೆಂದು ಅವರು ಹೇಳಲಿಲ್ಲ. ವ್ಯರ್ಥವಾಗಿ ಅಗೆಯುವುದು ತಪ್ಪೆಂದರು. ಈ ವ್ರತವನ್ನು ಸ್ವೀಕರಿಸಿದ ಶ್ರಾವಕರು ನಲ್ಲಿಯನ್ನು ತೆರೆದು ಬಿಡುವುದಿಲ್ಲ, ದಾರಿಯಲ್ಲಿ ನಡೆಯುವಾಗ ಬೇಲಿಯ ಎಲೆಯನ್ನು ಹರಿಯುವುದಿಲ್ಲ. ಆದರೆ ಮೊಬೈಲನ್ನು ಕೈಗೆ ತೆಗೆದುಕೊಂಡಾಗ ಅದೇ ವ್ರತವು ನೆನಪಿಗೆ ಬರುವುದಿಲ್ಲ.

ಬೆಳಗ್ಗೆ ಎದ್ದು ಖಾತೆಯಲ್ಲಿ ಎಷ್ಟಿದೆಯೆಂದು ನೋಡುವುದು. ಹಾಲಿನವನಿಗೆ ಕೊಟ್ಟು ಮತ್ತೆ ನೋಡುವುದು. ಬಸ್ಸಿನಲ್ಲಿ ಕುಳಿತು ಬೇಸರಕ್ಕೆ ಮತ್ತೊಮ್ಮೆ ನೋಡುವುದು. 2025ರ ಆಗಸ್ಟ್ 1ರಿಂದ ಪಾವತಿ ನಿಗಮವು ಒಬ್ಬ ಬಳಕೆದಾರನು ಒಂದು ಆ್ಯಪಿನಲ್ಲಿ ದಿನಕ್ಕೆ ಐವತ್ತು ಬಾರಿಗಿಂತ ಹೆಚ್ಚಾಗಿ ಖಾತೆಯ ಶಿಲ್ಕನ್ನು ವಿಚಾರಿಸಕೂಡದೆಂದು ಮಿತಿಯನ್ನು ಹಾಕಿತು. ಐವತ್ತು ಬಾರಿ! ಮಿತಿಯು ಇಷ್ಟು ಮೇಲಿರಬೇಕಾದರೆ ಅದಿಲ್ಲದಿದ್ದಾಗ ಏನು ನಡೆಯುತ್ತಿತ್ತೆಂಬುದನ್ನು ಊಹಿಸಬಹುದು. ಅದೇ ವರ್ಷ ಏಪ್ರಿಲ್ 12ರಂದು ಯುಪಿಐ ಜಾಲವೇ ಕೆಲವು ಗಂಟೆಗಳ ಕಾಲ ತೊಡಕಿಗೆ ಸಿಕ್ಕಿತ್ತು; ಹಣ ಹೋಯಿತೇ, ಹೋಯಿತೇ ಎಂದು ಬ್ಯಾಂಕುಗಳ ಯಂತ್ರಗಳು ಒಂದೇ ಸಮನೆ ಕಳುಹಿಸಿದ ವಿಚಾರಣೆಗಳ ಪ್ರವಾಹವೇ ಅದಕ್ಕೆ ಕಾರಣವೆಂದು ಹೊರಬಂದಿತು. ಒಂದು ವಿಚಾರಣೆಗೆ ಉರಿಯುವ ಕಲ್ಲಿದ್ದಲು ಧೂಳಿನ ಕಣದಷ್ಟೂ ಇರಲಾರದು. ಆದರೆ ಆ ಬೆರಳಾಟವು ಹಣವನ್ನು ಹೆಚ್ಚಿಸಲಿಲ್ಲ, ಕಡಿಮೆ ಮಾಡಲಿಲ್ಲ, ಯಾರ ಹಸಿವನ್ನೂ ನೀಗಲಿಲ್ಲ. ತಿರುಗುವುದು ಮತ್ತು ತಿರುಗಿಸುವುದು ಎಂದು ಆಚಾರ್ಯರು ಹೇಳಿದುದಕ್ಕೆ ಇದಕ್ಕಿಂತ ತಕ್ಕ ನಿದರ್ಶನ ಸಿಕ್ಕೀತೇ?

ವ್ಯರ್ಥ ಆರಂಭದ ಪರಾಕಾಷ್ಠೆಯನ್ನು ನೋಡಬಯಸುವವರು ಬಿಟ್‌ಕಾಯಿನ್ ಎಂಬ ನಾಣ್ಯದ ಕಡೆಗೆ ದೃಷ್ಟಿ ಹರಿಸಬಹುದು. ಕೆಲವು ವರ್ತಕರ ಮನೆಗಳ ತರುಣರು ಅದರಲ್ಲಿಯೂ ಹಣ ತೊಡಗಿಸುವುದುಂಟಾದುದರಿಂದ ಈ ಮಾತು ಅಪ್ರಸ್ತುತವಲ್ಲ. ಅಲ್ಲಿ ಲೋಕದ ನಾನಾ ಕಡೆಯ ಅಸಂಖ್ಯ ಯಂತ್ರಗಳು ಒಂದು ಸಂಖ್ಯೆಯನ್ನು ಹುಡುಕಲು ಏಕಕಾಲಕ್ಕೆ ಸ್ಪರ್ಧಿಸುತ್ತವೆ. ಒಂದು ಯಂತ್ರಕ್ಕೆ ಅದು ಸಿಕ್ಕ ಕೂಡಲೇ ಉಳಿದವುಗಳ ಶ್ರಮವೆಲ್ಲ ಬಿಸಾಡಲ್ಪಡುತ್ತದೆ. ಆಕಸ್ಮಿಕದಿಂದಲ್ಲ, ಆ ಏರ್ಪಾಡು ನಿಂತಿರುವುದೇ ಹಾಗೆ. ಇದಕ್ಕೆ ವರ್ಷಕ್ಕೆ ವೆಚ್ಚವಾಗುವ ವಿದ್ಯುತ್ತು ಹತ್ತು ಸಾವಿರ ಕೋಟಿ ಯೂನಿಟ್ಟುಗಳಿಗೂ ಮಿಗಿಲು. ಅದೇ ಜಾತಿಯ ಈಥೀರಿಯಂ ಎಂಬುದು 2022ರ ಸೆಪ್ಟೆಂಬರಿನಲ್ಲಿ ಆ ಸ್ಪರ್ಧೆಯನ್ನು ಕೈಬಿಟ್ಟು, ತನ್ನ ವೆಚ್ಚದಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚನ್ನು ಒಂದೇ ದಿನದಲ್ಲಿ ಉಳಿಸಿತು. ಬಿಡಬಹುದಾಗಿತ್ತೆಂಬುದು ಹೀಗೆ ಸಿದ್ಧವಾದ ಮೇಲೂ ಬಿಡದಿರುವುದಕ್ಕೆ ಅನರ್ಥದಂಡವೆಂಬ ಹೆಸರು ಅನ್ವರ್ಥವೇ ಸರಿ.

ತತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಆಸ್ರವಕ್ಕೆ ಆಧಾರವಾಗುವ ಅಧಿಕರಣಗಳನ್ನು ಜೀವ ಮತ್ತು ಅಜೀವವೆಂದು ಎರಡಾಗಿ ವಿಂಗಡಿಸುತ್ತದೆ. ಜೀವಾಧಿಕರಣದ ಭೇದಗಳು 108. ಜಪಮಾಲೆಯ ಮಣಿಗಳು ಅವನ್ನೇ ನೆನಪಿಸುವುವೆಂದು ಹಿರಿಯರು ಹೇಳುತ್ತಾರೆ. ತಾನು ಮಾಡಿದುದು, ಮಾಡಿಸಿದುದು, ಒಪ್ಪಿಕೊಂಡುದು ಮೂರೂ ಅದರಲ್ಲಿ ಸೇರಿವೆ. ರಾಯಚೂರಿನ ಕುಲುಮೆಗೆ ಕಲ್ಲಿದ್ದಲನ್ನು ಸುರಿದವನು ತಾನಲ್ಲವೆಂದು ಬೆರಳಿಟ್ಟವನು ಕೈತೊಳೆದುಕೊಳ್ಳಲು ಈ ಮೂರು ಬಿಡುವುದಿಲ್ಲ. ಅಜೀವಾಧಿಕರಣದಲ್ಲಿಯಾದರೋ ವಸ್ತುವನ್ನು ನಿರ್ಮಿಸುವುದು, ಇಡುವುದು, ಜೋಡಿಸುವುದು, ಪ್ರವರ್ತಿಸುವುದು ಎಂಬ ನಾಲ್ಕು ಇವೆ. ಇವುಗಳಲ್ಲಿ ಇಡುವುದೆಂಬ ನಿಕ್ಷೇಪಕ್ಕೆ ಪೂಜ್ಯಪಾದರು ಹೇಳುವ ದೋಷಗಳು ನಾಲ್ಕು: ನೋಡದೆ ಇಡುವುದು, ಶೋಧಿಸದೆ ಇಡುವುದು, ಅವಸರದಲ್ಲಿ ಇಡುವುದು, ಅನ್ಯಮನಸ್ಕನಾಗಿ ಇಡುವುದು. ಕಮಂಡಲು ಪಿಂಛಿಗಳನ್ನು ಇಡುವ ಮುನಿಗಳಿಗೆ ಹೇಳಿದ ಮಾತೆಂದು ಶ್ರಾವಕರು ಇದನ್ನು ದಾಟಿಹೋಗುತ್ತಾರೆ.

ಆದರೆ ಹಳೆಯ ಮೊಬೈಲನ್ನು ಇಡುವುದೆಲ್ಲಿ? ಗಾಜು ಒಡೆಯದಿದ್ದರೂ, ಬ್ಯಾಟರಿ ಸೋರದಿದ್ದರೂ, ಮಾರುಕಟ್ಟೆಗೆ ಹೊಸದು ಬಂದಿತೆಂದು ಬಿಟ್ಟ ಮೊಬೈಲುಗಳು ಮೇಜಿನ ಖಾನೆಯಲ್ಲಿ ಎರಡು ಮೂರು ಬಿದ್ದಿರುತ್ತವೆ. ಒಂದು ದಿನ ಗುಜರಿಯವನು ಪ್ಲಾಸ್ಟಿಕ್ ಬಕೀಟಿನ ಆಸೆ ತೋರಿಸಿ ಒಯ್ಯುತ್ತಾನೆ. 2022ರಲ್ಲಿ ಲೋಕದಲ್ಲಿ ಹುಟ್ಟಿದ ವಿದ್ಯುನ್ಮಾನ ಕಸ 6.2 ಕೋಟಿ ಟನ್ನು. ಅದರಲ್ಲಿ ಕ್ರಮವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಕಾಲುಪಾಲಿಗಿಂತ ಕಡಿಮೆ. ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ತಾಮ್ರದ ಚೂರಿಗಾಗಿ ಈ ಫಲಕಗಳನ್ನು ಸುಟ್ಟು, ಕಪ್ಪು ಬೂದಿಯನ್ನು ರಾಮಗಂಗಾ ನದಿಯ ದಡದಲ್ಲಿ ಸುರಿಯುತ್ತಿದ್ದರು. ಆ ವಿಚಾರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಸುಡುವವರು ಹೊಟ್ಟೆಪಾಡಿನ ಬಡವರು. ಆ ಹೊಗೆಯನ್ನು ಮೊದಲು ಕುಡಿಯುವವರೂ ಅವರೇ. ಇಲ್ಲಿ ಬಾಧೆ ಏಕೇಂದ್ರಿಯಗಳಲ್ಲಿ ನಿಲ್ಲದೆ ಪಂಚೇಂದ್ರಿಯ ಮನುಷ್ಯನನ್ನೇ ಮುಟ್ಟಿತು. ತಯಾರಕರೇ ಹಳೆಯ ಉಪಕರಣಗಳ ಹೊಣೆಯನ್ನು ಹೊರಬೇಕೆಂಬ 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಆದರೆ ನಿಯಮವು ಮೇಜಿನ ಖಾನೆಯನ್ನು ತೆರೆದು ನೋಡುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಕೋಟ್ಯಂತರ ಜನರು ಸೇರಿ ಮಾಡಿದ ಹಾನಿಯಲ್ಲಿ ಒಬ್ಬನ ಪಾಲು ಎಷ್ಟು? ಕೋಟಿಯಲ್ಲಿ ಒಂದು. ಅದನ್ನು ಬಿಟ್ಟರೆ ನದಿಗೇನು ಲಾಭ? ಲೌಕಿಕ ಲೆಕ್ಕದಲ್ಲಿ ಈ ಆಕ್ಷೇಪ ಬಲವಾದುದೇ. ಒಬ್ಬ ಶ್ರಾವಕನು ಶಿಲ್ಕು ನೋಡುವುದನ್ನು ಬಿಟ್ಟರೆ ಯಾವ ಕುಲುಮೆಯೂ ಆರುವುದಿಲ್ಲ. ಆದರೆ ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಹಿಂಸಾಫಲವನ್ನು ವಿಚಾರಮಾಡುವಾಗ, ಒಬ್ಬನು ಮಾಡಿದುದಕ್ಕೆ ಹಲವರು ಫಲವನ್ನುಣ್ಣುವುದೂ ಹಲವರು ಮಾಡಿದುದರ ಫಲವು ಒಬ್ಬನಿಗೆ ಬರುವುದೂ ಉಂಟೆಂದು ತೋರಿಸಿರುವರು. ಹಿಂಸೆಯು ಪಾಲುದಾರಿಕೆಯ ಅಂಗಡಿಯಲ್ಲ. ಪಾಲುದಾರರು ಹೆಚ್ಚಾದಂತೆ ಒಬ್ಬೊಬ್ಬರ ನಷ್ಟ ಕಡಿಮೆಯಾಗುವುದಿಲ್ಲ. ಪ್ರತಿಯೊಬ್ಬನ ಪ್ರಮಾದವೂ ಅವನಿಗೆ ಪೂರ್ಣವಾಗಿಯೇ ಅಂಟುತ್ತದೆ. ಉಪವಾಸದ ವಿಚಾರದಲ್ಲಿ ಈ ಆಕ್ಷೇಪವನ್ನು ಯಾರೂ ಎತ್ತುವುದಿಲ್ಲವೆಂಬುದೂ ಗಮನಾರ್ಹ. ಚತುರ್ದಶಿಯಂದು ಒಬ್ಬಳು ಊಟ ಬಿಟ್ಟರೆ ದೇಶದ ಅಕ್ಕಿ ಎಷ್ಟು ಉಳಿಯಿತೆಂದು ಲೆಕ್ಕ ಹಾಕಿದವರುಂಟೇ?

ಅರಿಯದೆ ಮಾಡಿದವನ ಪಾಡೇನು? ತೀವ್ರಭಾವ ಮಂದಭಾವಗಳಿಂದ ಹೇಗೋ ಹಾಗೆಯೇ ಜ್ಞಾತಭಾವ ಅಜ್ಞಾತಭಾವಗಳಿಂದಲೂ ಆಸ್ರವದಲ್ಲಿ ಹೆಚ್ಚುಕಡಮೆಯುಂಟೆಂದು ಅದೇ ಆರನೆಯ ಅಧ್ಯಾಯ ಹೇಳುತ್ತದೆ. ಹತ್ತು ವರ್ಷಗಳ ಹಿಂದೆ ಕ್ಯೂಆರ್ ಚೀಟಿಯನ್ನು ಬೆರಗಿನಿಂದ ನೋಡಿದವನಿಗೆ ಅಜ್ಞಾತಭಾವದ ರಿಯಾಯಿತಿ ಇತ್ತು. ಗ್ರಾಂ ಟನ್ನುಗಳ ಲೆಕ್ಕ ಕಣ್ಣೆದುರಿಗೆ ಬಂದ ಮೇಲೆ ಅದು ಉಳಿಯುವುದಿಲ್ಲ. ಇದು ಕಹಿಯಾದ ಮಾತು. ತಿಳುವಳಿಕೆಯನ್ನು ಹಂಚುವವರು ಹೊಣೆಯನ್ನೂ ಹಂಚುತ್ತಾರೆ.

ಪರಿಗ್ರಹ ಪರಿಮಾಣದ ವಿಷಯವಾಗಿಯೂ ಒಂದು ಮಾತನ್ನು ಹೇಳಬೇಕು. ಉಡುಪಿಯ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಮೂಡುಬಿದಿರೆ ಕಾರ್ಕಳಗಳ ಕಡೆಯ ಹಿರಿಯರಿಗೆ ಅದರ ನೆನಪು ಮಾಸಿರಲಾರದು: ಸಂಜೆ ಬಾಗಿಲಿಗೆ ಬರುವ ಪ್ರತಿನಿಧಿ, ಅವನ ಕೈಗೆ ಕೊಡುವ ಎರಡಾಣೆ, ಚಿಕ್ಕ ಪುಸ್ತಕದಲ್ಲಿ ಒಂದು ಗುರುತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾಯಿತು. ಅಲ್ಲಿ ಹಣವು ಮನೆಯಿಂದ ಹೊರಗೆ ಹೋಗಲು ಒಬ್ಬ ಮನುಷ್ಯನ ಕಾಲು ಬೇಕಾಗಿತ್ತು. ಮರಳಿ ತರಲು ತನ್ನದೇ ಕಾಲು ಸವೆಯಬೇಕಾಗಿತ್ತು. ಆ ಸವೆತವೇ ಬೇಲಿ. ಬೇಡದ ವಸ್ತುವನ್ನು ಕೊಳ್ಳಲು ಹಣ ತೆಗೆಯಬೇಕೆಂದರೆ ಒಂದು ರಾತ್ರಿ ಕಳೆಯುತ್ತಿತ್ತು. ರಾತ್ರಿ ಕಳೆದಾಗ ಆಸೆಯೂ ಎಷ್ಟೋ ವೇಳೆ ಕಳೆಯುತ್ತಿತ್ತು. ಬೆರಳ ತುದಿಗೆ ಬಂದ ಹಣಕ್ಕೆ ಆ ರಾತ್ರಿಯಿಲ್ಲ. ಮಲಗುವ ಮುನ್ನ ಕೊಂಡ ವಸ್ತು ಮರುದಿನವೇ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಪೆಟ್ಟಿಗೆ, ಪ್ಲಾಸ್ಟಿಕ್ ಸುತ್ತುಗಳೊಡನೆ ಬಾಗಿಲಿಗೆ ಬರುತ್ತದೆ. ಪಾವತಿಗೆ ತಗುಲಿದ ಹೊಗೆ ಗ್ರಾಂಗಳಲ್ಲಿದ್ದರೆ, ಆ ಪಾವತಿಯು ಸುಲಭವಾಯಿತೆಂಬ ಕಾರಣಕ್ಕಾಗಿಯೇ ಹುಟ್ಟಿದ ವಸ್ತುಗಳ ಹೊಗೆಯನ್ನು ಯಾವ ತಕ್ಕಡಿಯಲ್ಲಿ ತೂಗುವುದು?

2025ರ ಜುಲೈನಲ್ಲಿ ಬೆಂಗಳೂರಿನ ಅನೇಕ ಚಿಕ್ಕ ಅಂಗಡಿಗಳು ಕ್ಯೂಆರ್ ಚೀಟಿಯನ್ನು ಕಿತ್ತುಹಾಕಿ ನಗದನ್ನೇ ಕೇಳತೊಡಗಿದವು. ಯುಪಿಐ ಲೆಕ್ಕವನ್ನು ಹಿಡಿದು ತೆರಿಗೆ ಇಲಾಖೆಯು ಸಾವಿರಾರು ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿದ್ದೇ ಅದರ ಕಾರಣ. ಬಿಡುವುದು ಅಸಾಧ್ಯವೆಂದು ಎಲ್ಲರೂ ಹೇಳುತ್ತಿದ್ದುದನ್ನು ಭಯವು ಒಂದು ವಾರದಲ್ಲಿ ಬಿಡಿಸಿತು. ಭಯದಿಂದ ಬಿಟ್ಟದ್ದು ತ್ಯಾಗವಲ್ಲವೆಂಬುದು ಸರಿ. ಬಿಡಲು ಬರುತ್ತದೆಂಬುದು ಮಾತ್ರ ಗೊತ್ತಾಯಿತು.

ಹಾಗೆಂದು ಪೂರ್ಣವಾಗಿ ಬಿಡಬೇಕಾಗಿಯೂ ಇಲ್ಲ. ಕಾಲದ ಮಿತಿಯುಳ್ಳದ್ದು ನಿಯಮ, ಬಾಳಿನುದ್ದಕ್ಕೂ ಇರುವುದು ಯಮ ಎಂದು ಸಮಂತಭದ್ರರು ಎರಡಾಗಿ ಹೇಳಿರುವುದು ಗೃಹಸ್ಥನ ಅನುಕೂಲಕ್ಕಾಗಿಯೇ. ದಶಲಕ್ಷಣದ ಹತ್ತು ದಿನಗಳಲ್ಲಿ ಸೂರ್ಯಾಸ್ತದ ಮೇಲೆ ಮೊಬೈಲಿನಿಂದ ಏನನ್ನೂ ಕೊಳ್ಳುವುದಿಲ್ಲವೆಂಬ ನಿಯಮ ರಾತ್ರಿಭೋಜನ ತ್ಯಾಗವಿರುವ ಮನೆಗೆ ಭಾರವಾಗದು. ಶಿಲ್ಕನ್ನು ಅಷ್ಟಮಿ ಚತುರ್ದಶಿಗಳಲ್ಲಿ ನೋಡದಿರುವುದನ್ನು ಚಿಕ್ಕ ಮಕ್ಕಳೂ ಪಾಲಿಸಬಲ್ಲರು. ಬಟನ್ನಿನ ಸಾದಾ ಮೊಬೈಲಿನಿಂದಲೇ ಹಣ ಕಳುಹಿಸುವ ಏರ್ಪಾಡು 2022ರ ಮಾರ್ಚಿನಿಂದ ಇದೆ. ಮನೆಯ ಹಿರಿಯರಿಗೆ ಅಷ್ಟೇ ಸಾಲುವಲ್ಲಿ ದುಬಾರಿ ಉಪಕರಣವನ್ನು ಉಡುಗೊರೆಯಾಗಿ ತರುವ ಮಕ್ಕಳು ಒಮ್ಮೆ ನಿಂತು ಯೋಚಿಸಬಹುದು. ಎಲ್ಲಕ್ಕಿಂತ ಕಷ್ಟವಾದ ನಿಯಮವೆಂದರೆ ಕೈಯಲ್ಲಿರುವ ಮೊಬೈಲು ಕೆಲಸಮಾಡುವವರೆಗೆ ಇನ್ನೊಂದನ್ನು ಕೊಳ್ಳದಿರುವುದು. ಲೆಕ್ಕದಲ್ಲಿ ಅತ್ಯಂತ ಹೆಚ್ಚು ಉಳಿಯುವುದೂ ಅದರಲ್ಲಿಯೇ. ನಾಲ್ಕು ವರ್ಷಕ್ಕೊಮ್ಮೆ ಬದಲಿಸುವವನು ಎರಡು ವರ್ಷಕ್ಕೊಮ್ಮೆ ಬದಲಿಸುವವನಿಗಿಂತ ಅರ್ಧದಷ್ಟು ಗಣಿಯನ್ನು ಅಗೆಸುತ್ತಾನೆ.

ಇನ್ನು ಹಾಲಿನವನ ವಿಷಯ. ದಿನವೂ ಇಪ್ಪತ್ತೈದು ಮೂವತ್ತು ರೂಪಾಯಿಯನ್ನು ಮೊಬೈಲಿನಿಂದ ಸಲ್ಲಿಸುವ ಬದಲು, ಹಿಂದಿನಂತೆ ಗೋಡೆಯ ಪಂಚಾಂಗದ ಹಾಳೆಯಲ್ಲಿ ದಿನಕ್ಕೊಂದು ಗೆರೆ ಎಳೆದು ತಿಂಗಳ ಕೊನೆಗೆ ಒಮ್ಮೆ ಕೊಟ್ಟರೆ ಮೂವತ್ತು ಪಾವತಿ ಒಂದಾಗುತ್ತದೆ. ಅವನ ಲೆಕ್ಕಕ್ಕೂ ಮನೆಯವರ ಲೆಕ್ಕಕ್ಕೂ ಒಂದೆರಡು ಗೆರೆ ವ್ಯತ್ಯಾಸ ಬಂದೇ ಬರುತ್ತದೆ. ಆಗ ಬಾಗಿಲಲ್ಲಿ ನಿಂತು, ಯಾವ ದಿನ ನೆಂಟರು ಬಂದಿದ್ದರು, ಯಾವ ದಿನ ಉಪವಾಸವಿತ್ತು ಎಂದು ಇಬ್ಬರೂ ಕೂಡಿ ನೆನಪುಮಾಡಿಕೊಳ್ಳಬೇಕಾಗುತ್ತದೆ.